ವಿದ್ಯಾದಾನ ಮತ್ತು ಅಭಯದಾನ: ವನ್ಯಜೀವಿ ಶಿಷ್ಯವೇತನಗಳ ಒಂದು ವಿಮರ್ಶೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ಬಗೆಯಾಗಿ ಹೇಳುವುದು ನಮ್ಮ ಪರಂಪರೆ. ಮೊದಲಿನ ಮೂರನ್ನು ನಾವು ಕಣ್ಣಾರೆ ಬಲ್ಲೆವು. ತ್ಯಾಗಿಗಳಿಗೆ ಆಹಾರದಾನ ನಡೆಯುತ್ತಿದೆ, ಧರ್ಮಾರ್ಥ ಚಿಕಿತ್ಸಾಲಯಗಳಿವೆ, ವಿದ್ಯಾರ್ಥಿನಿಲಯಗಳೂ ಶಿಷ್ಯವೇತನಗಳೂ ಗ್ರಂಥಪ್ರಕಟಣೆಗಳೂ ಇವೆ. ನಾಲ್ಕನೆಯದಾದ ಅಭಯದಾನವು ಮಾತ್ರ ಪ್ರವಚನಗಳಲ್ಲಿ ಹೆಚ್ಚಾಗಿಯೂ ಆಯವ್ಯಯ ಪತ್ರಿಕೆಗಳಲ್ಲಿ ಕಡಿಮೆಯಾಗಿಯೂ ಕಾಣಿಸಿಕೊಳ್ಳುತ್ತದೆ. ಗೋಶಾಲೆ, ಪಾಂಜರಾಪೋಳಗಳಿಗೆ ಕೊಡುವುದರೊಂದಿಗೆ ಅದು ಮುಗಿಯಿತೆಂದು ನಾವು ತಿಳಿದಿದ್ದೇವೆ. ಕಾಡು, ಕೆರೆ, ಹುಲ್ಲುಗಾವಲುಗಳ ಅಸಂಖ್ಯ ಜೀವಿಗಳಿಗೆ ಅಭಯ ಕೊಡುವವರು ಯಾರು? ಆ ಕೆಲಸಕ್ಕೆ ವಿದ್ಯೆ ಬೇಕಲ್ಲವೆ? ಆ ವಿದ್ಯೆಯ ವೆಚ್ಚವನ್ನು ಹೊರುವವರು ಯಾರು? ಈ ಪ್ರಶ್ನೆಗಳನ್ನು ನಮ್ಮ ದತ್ತಿಗಳು ಕೇಳಿಕೊಂಡದ್ದು ವಿರಳ.

ಈ ಲೇಖನಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ನಿವೇದಿಸಬೇಕು. ಕೆಲವು ವರ್ಷಗಳ ಹಿಂದೆ ಒಂದು ದತ್ತಿಯ ಶಿಷ್ಯವೇತನ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಮಲೆನಾಡಿನ ಅಂಚಿನ ಹಳ್ಳಿಯೊಂದರಿಂದ, ಅರಣ್ಯ ಇಲಾಖೆಯ ಕಾವಲುಗಾರರೊಬ್ಬರ ಮಗ, ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿದ ಯುವಕ, ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ವ್ಯಾಸಂಗಕ್ಕೆ ನೆರವು ಕೇಳಿ ಬಂದಿದ್ದ. ಸಮಿತಿಯಲ್ಲಿ ಎರಡು ಪ್ರಶ್ನೆಗಳು ಎದ್ದವು. “ಓದಿ ಮುಗಿಸಿದ ಮೇಲೆ ಕೆಲಸ ಎಲ್ಲಪ್ಪಾ?” ಎಂಬುದು ಮೊದಲನೆಯದು. ಅದನ್ನು ಕೇಳಿದವನು ನಾನೇ. “ಗೊತ್ತಿಲ್ಲ ಸರ್, ಮೊದಲ ಎರಡು ಮೂರು ವರ್ಷ ಕಷ್ಟ ಇರುತ್ತೆ ಅಂತಾರೆ” ಎಂದು ಆತ ಉಳ್ಳದ್ದನ್ನು ಉಳ್ಳಂತೆ ಹೇಳಿದ. ಎರಡನೆಯದನ್ನು ಹಿರಿಯರೊಬ್ಬರು ಕೇಳಿದರು: “ಅಲ್ಲಿ ಪ್ರಾಣಿಗಳನ್ನು ಹಿಡಿಯುವುದು, ಅವಕ್ಕೆ ಮಾಂಸ ಹಾಕುವುದು ಎಲ್ಲ ಇರುತ್ತದಂತೆ, ಹೌದೇ?” ಆತ ತಲೆ ತಗ್ಗಿಸಿ “ಕೆಲವು ಕಡೆ ಇರುತ್ತೆ” ಎಂದ. ಅರ್ಜಿ ತಿರಸ್ಕೃತವಾಯಿತು. ಕೈಯೆತ್ತಿದವರಲ್ಲಿ ನಾನೂ ಒಬ್ಬ. ಆತ ಬಳಿಕ ಬೇರೆ ಉದ್ಯೋಗ ಹಿಡಿದನೆಂದು ಕೇಳಿದೆ.

ಆ ಎರಡು ಪ್ರಶ್ನೆಗಳು ಅನುಚಿತವೆಂದು ನಾನು ಹೇಳುವುದಿಲ್ಲ. ಉತ್ತರವನ್ನು ನಾವು ಹುಡುಕಲಿಲ್ಲ ಎಂಬುದೇ ತಪ್ಪು. ಲೋಕದಲ್ಲಿ ಈ ಬಗೆಯ ಶಿಷ್ಯವೇತನಗಳು ಹೇಗೆ ನಡೆದಿವೆ, ಅವುಗಳ ಗುಣದೋಷಗಳೇನು ಎಂಬುದನ್ನು ಪರಿಶೀಲಿಸಿದರೆ ಉತ್ತರದ ದಾರಿ ತಿಳಿಯುತ್ತದೆ.

ಫಲ ಕಂಡ ಒಂದು ನಿದರ್ಶನ

ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ ಜೆರಾಲ್ಡ್ ಡರೆಲ್ ಎಂಬ ಪ್ರಾಣಿಪ್ರಿಯ ಲೇಖಕರು 1959ರಲ್ಲಿ ಒಂದು ಮೃಗಾಲಯವನ್ನೂ 1963ರಲ್ಲಿ ಅದನ್ನು ನಡೆಸುವ ದತ್ತಿಯನ್ನೂ ಸ್ಥಾಪಿಸಿದರು. ಅಳಿವಿನಂಚಿನ ಪ್ರಾಣಿಗಳನ್ನು ಜರ್ಸಿಯಲ್ಲಿ ಸಾಕಿ ಬೆಳೆಸಿದರೆ ಸಾಲದು, ಆಯಾ ದೇಶದ ತರುಣರಿಗೇ ಆ ವಿದ್ಯೆಯನ್ನು ಕಲಿಸಿ ಕಳುಹಿಸಬೇಕು ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಹೀಗೆ ಬಂದ ಮೊದಲ ವಿದ್ಯಾರ್ಥಿ ಮಾರಿಷಸ್‌ನ ಯೂಸೂಫ್ ಮುಂಗ್ರೂ. ಆ ದ್ವೀಪದಲ್ಲಿ ಡೋಡೋ ಪಕ್ಷಿ ಎಂದೋ ನಿರ್ನಾಮವಾಗಿತ್ತು. ಮಾರಿಷಸ್ ಕೆಸ್ಟ್ರೆಲ್ ಎಂಬ ಸಣ್ಣ ಚಾಣವೂ ಅದೇ ಹಾದಿಯಲ್ಲಿತ್ತು; 1974ರಲ್ಲಿ ತಿಳಿದಿದ್ದವು ನಾಲ್ಕೇ ಹಕ್ಕಿಗಳು. ಮುಂಗ್ರೂ ತರಬೇತಿ ಮುಗಿಸಿ ತಾಯ್ನಾಡಿಗೆ ಮರಳಿ ಸರ್ಕಾರಿ ಸೇವೆಯಲ್ಲಿ ದುಡಿದರು. 1994ರಲ್ಲಿ ಅಲ್ಲಿಯ ಮೊದಲ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬಂದಾಗ ಅದರ ಹೊಣೆ ಹೊತ್ತರು. 1979ರಲ್ಲಿ ಅಲ್ಲಿಗೆ ಹೋದ ಕಾರ್ಲ್ ಜೋನ್ಸ್ ಮತ್ತು ಸ್ಥಳೀಯರ ದೀರ್ಘ ಪರಿಶ್ರಮದಿಂದ ಆ ಚಾಣ ನೂರಾರು ಸಂಖ್ಯೆಗೆ ಏರಿತು. ಜರ್ಸಿಯಲ್ಲಿ ಕಲಿತವರು ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿದ್ದಾರೆ.

ಈ ಯಶಸ್ಸಿನ ಮೂಲ ಎಲ್ಲಿದೆ? ಜರ್ಸಿಯ ಪಾಠ ಉತ್ತಮವಾಗಿತ್ತು ಎಂಬುದು ನಿಜ. ಆದರೆ ಕಲಿತು ಹೋದವರಿಗೆ ಊರಿನಲ್ಲಿ ನಿಲ್ಲಲು ನೆಲೆಯಿತ್ತು, ನೆಲೆಯಿದ್ದುದರಿಂದ ಇಪ್ಪತ್ತು ವರ್ಷ ನಿಂತರು ಎಂಬುದು ಅದಕ್ಕಿಂತ ಮುಖ್ಯ. ವಿದ್ಯೆಯು ಬೀಜವಾದರೆ ನೆಲೆಯು ನೆಲ. ಈ ಮಾತನ್ನು ಶಿಷ್ಯವೇತನ ಕೊಡುವವರಲ್ಲಿ ಹೆಚ್ಚಿನವರು ಮರೆಯುತ್ತಾರೆ.

ನಮ್ಮ ದೇಶದಲ್ಲಿ

ನಮ್ಮಲ್ಲಿಯೂ ಈ ವಿದ್ಯೆಗೆ ದಾರಿಗಳು ತೆರೆದಿವೆ. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 1982ರಲ್ಲಿ ಸ್ಥಾಪಿತವಾಗಿ, 1988ರಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಆರಂಭಿಸಿತು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ 2004ರಲ್ಲಿ ವನ್ಯಜೀವಿ ಸಂರಕ್ಷಣೆಯ ಸ್ನಾತಕೋತ್ತರ ತರಗತಿ ತೊಡಗಿತು. ಕೊಯಮತ್ತೂರಿನ ಸಾಲಿಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ನಿರ್ದೇಶಕರಾಗಿದ್ದು 2009ರ ಜನವರಿಯಲ್ಲಿ ಅಕಾಲ ಮರಣಕ್ಕೀಡಾದ ರವಿ ಶಂಕರನ್ ಅವರ ಹೆಸರಿನಲ್ಲಿ ಇನ್ಲಾಕ್ಸ್ ಶಿವದಾಸಾನಿ ಪ್ರತಿಷ್ಠಾನವು ಕಿರಿಯ ಸಂರಕ್ಷಕರಿಗಾಗಿಯೇ ಒಂದು ನೆರವಿನ ಯೋಜನೆಯನ್ನು ನಡೆಸಿತು. ವಿದೇಶದಲ್ಲಿ ಓದುವವರಿಗೆ ಮಾತ್ರವಲ್ಲದೆ, ಇಲ್ಲಿಯ ಸಂಸ್ಥೆಗಳಲ್ಲಿ ಕೆಲಸ ಕಲಿಯುವ ಇಂಟರ್ನ್‌ಶಿಪ್‌ಗೂ ಸಣ್ಣ ಅಧ್ಯಯನಗಳಿಗೂ ಹಣ ಒದಗಿಸಿದ್ದು ಅದರ ವಿಶೇಷ. ತರಗತಿಗೂ ಉದ್ಯೋಗಕ್ಕೂ ನಡುವೆ ಇರುವ ಕಂದಕವನ್ನು ಗುರುತಿಸಿದ ಕೆಲವೇ ಯೋಜನೆಗಳಲ್ಲಿ ಇದು ಒಂದು, ಆದ್ದರಿಂದ ಪ್ರಶಂಸಾರ್ಹ.

ಒಟ್ಟಾರೆಯಾಗಿ ನೋಡಿದರೆ ಶಿಷ್ಯವೇತನಗಳ ಪದ್ಧತಿಯಲ್ಲಿ ಎರಡು ದೊಡ್ಡ ಕೊರತೆಗಳಿವೆ. ಒಂದು, ದಾನಿಯ ಕಾಲಗಣನೆ ಮತ್ತು ಕಾಡಿನ ಕಾಲಗಣನೆ ಹೊಂದುವುದಿಲ್ಲ. ಎರಡು, ದ್ವಾರ ಇಕ್ಕಟ್ಟಾಗಿದೆ.

ಕಾಲದ ಪ್ರಶ್ನೆ

ಮೊದಲ ಕೊರತೆಯನ್ನು ರಣಹದ್ದಿನ ಕಥೆ ಚೆನ್ನಾಗಿ ತಿಳಿಸುತ್ತದೆ. ರಾಜಸ್ಥಾನದ ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರಿಂದ ಹತ್ತು ವರ್ಷ ಒಂದು ಅಧ್ಯಯನ ನಡೆಸಿತು. ಅದರಲ್ಲಿ ದುಡಿದ ಕಿರಿಯ ಸಂಶೋಧಕರಲ್ಲಿ ವಿಭು ಪ್ರಕಾಶ್ ಒಬ್ಬರು. ಬೇಟೆಹಕ್ಕಿಗಳೂ ರಣಹದ್ದುಗಳೂ ಅವರ ವಿಷಯ. ಅವರು ಗೂಡುಗಳನ್ನು ಎಣಿಸಿ ಬರೆದಿಟ್ಟರು. ಆಗ ರಣಹದ್ದುಗಳು ಎಲ್ಲೆಲ್ಲಿಯೂ ಇದ್ದವು. ಎಣಿಸಿ ಆಗಬೇಕಾದದ್ದೇನು ಎಂದು ಯಾವ ದಾನಿಯೂ ಕೇಳಬಹುದಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಅವರೇ ಮತ್ತೆ ಎಣಿಸಿದಾಗ ಗೂಡುಗಳು ಬರಿದಾಗಿದ್ದವು, ಸತ್ತ ಹಕ್ಕಿಗಳು ಕೊಂಬೆಗಳಲ್ಲಿ ತೂಗುತ್ತಿದ್ದವು. ಹಳೆಯ ಎಣಿಕೆ ಇಲ್ಲದಿದ್ದರೆ ಎಷ್ಟು ನಷ್ಟವಾಯಿತೆಂದು ಹೇಳಲು ಆಧಾರವೇ ಇರುತ್ತಿರಲಿಲ್ಲ. ಮುಂದೆ ದೇಶಾದ್ಯಂತ ನಡೆದ ಸಮೀಕ್ಷೆಗಳಿಂದ, ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಕ್ಷೀಣಿಸಿತೆಂದು ತಿಳಿಯಿತು.

ಕಾರಣ ಪತ್ತೆಯಾದದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಡೈಕ್ಲೋಫೆನಾಕ್ ಎಂಬ ನೋವುನಿವಾರಕವೇ ಮೃತ್ಯುಕಾರಣವೆಂದು ಸಾಧಿಸಿದರು. ಈ ಔಷಧ ಪಡೆದ ದನ ಸ್ವಲ್ಪ ಕಾಲದಲ್ಲೇ ಸತ್ತರೆ, ಅದರ ಕಳೇಬರವನ್ನು ತಿಂದ ಹದ್ದಿನ ಮೂತ್ರಪಿಂಡಗಳು ನಿಷ್ಕ್ರಿಯವಾಗುತ್ತವೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಮಯವಾಗಿದ್ದರೂ ಸಂತತಿ ನಾಶವಾಗಲು ಸಾಕೆಂದು ಗಣಿತ ತೋರಿಸಿತು. 2006ರಲ್ಲಿ ಭಾರತ ಸರ್ಕಾರ ಇದರ ಪಶುಬಳಕೆಯನ್ನು ನಿಷೇಧಿಸಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುವುದನ್ನು ತಡೆಯಲು 2015ರಲ್ಲಿಯೂ, ಹದ್ದಿಗೆ ಹಾನಿಕರವಾದ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡು ಔಷಧಗಳ ಪಶುಬಳಕೆಯ ವಿಷಯದಲ್ಲಿ 2023ರಲ್ಲಿಯೂ ಆಜ್ಞೆಗಳು ಹೊರಟವು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಆ ಔಷಧವನ್ನು ದನಗಳಿಗೆ ಕೊಟ್ಟದ್ದು ಕ್ರೌರ್ಯದಿಂದಲ್ಲ, ಅವುಗಳ ನೋವನ್ನು ನೋಡಲಾರದೆ. ಮುದಿ ದನಗಳನ್ನು ಸಾಕುವ ಗೋಶಾಲೆಗಳಲ್ಲಿಯೂ ಅದು ಬಳಕೆಯಾಗಿರದೆ ಇರಲಾರದು. ಔಷಧದಾನದ ಪುಣ್ಯಕಾರ್ಯವೇ ಅರಿವಿಲ್ಲದೆ ಲಕ್ಷಾಂತರ ಜೀವಿಗಳಿಗೆ ಮೃತ್ಯುವಾಯಿತು. ಅದರಲ್ಲಿಯೂ ಯಾವ ಜೀವಿಗೆ? ತಾನಾಗಿ ಕೊಲ್ಲದೆ, ಸತ್ತದ್ದನ್ನು ಮಾತ್ರ ತಿಂದು ಊರನ್ನು ಶುಚಿಯಾಗಿಡುವ ಹಕ್ಕಿಗೆ. ಜೈನ ರಾಮಕಥಾಪರಂಪರೆಯಲ್ಲಿ ಜಟಾಯುವು ಮುನಿಗಳ ಉಪದೇಶ ಕೇಳಿ ಶ್ರಾವಕವ್ರತಗಳನ್ನು ಸ್ವೀಕರಿಸಿದ ಹದ್ದು ಎಂಬುದನ್ನು ವಾಚಕರು ಬಲ್ಲರು. ದಯೆಗೆ ಮೊದಲು ಅರಿವಿರಬೇಕೆಂಬ ಹಿರಿಯರ ವಿವೇಕಕ್ಕೆ ನಮ್ಮ ಕಾಲದಲ್ಲಿ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯಲಾರದು.

ಭರತಪುರದ ಅದೇ ಅಧ್ಯಯನ ಇನ್ನೊಂದು ಪಾಠವನ್ನೂ ಕಲಿಸಿತು. ಹಕ್ಕಿಗಳ ಹಿತಕ್ಕೆಂದು 1982ರಲ್ಲಿ ಅಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಲಾಯಿತು. ಗ್ರಾಮಸ್ಥರ ಪ್ರತಿಭಟನೆಯಲ್ಲಿ ಗೋಲಿಬಾರ್ ನಡೆದು ಪ್ರಾಣಹಾನಿಯೂ ಆಯಿತು. ಎಮ್ಮೆಗಳಿಲ್ಲದೆ ಹುಲ್ಲು ನೀರನ್ನೆಲ್ಲ ಆವರಿಸಿ ಹಕ್ಕಿಗಳಿಗೇ ತೊಂದರೆಯಾಯಿತೆಂದು ಹತ್ತು ವರ್ಷದ ದಾಖಲೆಗಳು ತಿಳಿಸಿದವು. ಸದುದ್ದೇಶವು ತಾನಾಗಿಯೇ ಸತ್ಫಲವನ್ನು ಕೊಡುವುದಿಲ್ಲ. ತಾಳ್ಮೆಯ ಅವಲೋಕನವೇ ಅದನ್ನು ತಿದ್ದಬೇಕು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಭರತಪುರದ ಎಣಿಕೆಯ ಫಲ ಕಾಣಿಸಿದ್ದು ಹತ್ತು ಹನ್ನೆರಡು ವರ್ಷಗಳ ಬಳಿಕ. ಹೆಚ್ಚಿನ ಶಿಷ್ಯವೇತನಗಳ ಆಯುಷ್ಯವಾದರೋ ಒಂದು ವರ್ಷ, ಅಬ್ಬಬ್ಬಾ ಎಂದರೆ ಎರಡು ವರ್ಷ. ಪದವಿಪತ್ರ ಕೈಗೆ ಬಂದ ದಿನವೇ ನೆರವು ನಿಲ್ಲುತ್ತದೆ. ವೈದ್ಯನಿಗೂ ಇಂಜಿನಿಯರನಿಗೂ ಪದವಿಯ ಮಾರನೆಯ ದಿನ ಮಾರುಕಟ್ಟೆಯಿದೆ. ಹದ್ದಿನ ಗೂಡು ಎಣಿಸುವವನಿಗೆ ಮಾರುಕಟ್ಟೆಯಿಲ್ಲ. ಹದ್ದು ಸಂಬಳ ಕೊಡುವುದಿಲ್ಲ. ಎಲ್ಲಿ ನೆರವು ಅತ್ಯಂತ ಅಗತ್ಯವೋ ಅಲ್ಲಿಯೇ ಅದು ಕೈಬಿಡುತ್ತದೆ. ತಂದೆಯ ಮನೆಯಲ್ಲಿ ಅನುಕೂಲವಿದ್ದವರು ಆ ಎರಡು ಮೂರು ವರ್ಷಗಳನ್ನು ದಾಟುತ್ತಾರೆ. ಕಾವಲುಗಾರನ ಮಗ ದಾಟುವುದಿಲ್ಲ. “ಕೆಲಸ ಎಲ್ಲಿ?” ಎಂದು ನಾನು ಆತನನ್ನು ಕೇಳಿದ್ದು ಸರಿಯಲ್ಲ, ನಮ್ಮ ಸಮಿತಿಯನ್ನು ಕೇಳಬೇಕಾಗಿತ್ತು.

ದೀರ್ಘಕಾಲದ ದಾನ ನಮಗೆ ಹೊಸದಲ್ಲ. ನಮ್ಮ ಬಸದಿಗಳ ಶಾಸನಗಳನ್ನು ನೋಡಿರಿ: ಪೂಜೆಗೆ, ಜೀರ್ಣೋದ್ಧಾರಕ್ಕೆ, ಋಷಿಗಳ ಆಹಾರಕ್ಕೆಂದು ಗದ್ದೆ ತೋಟಗಳನ್ನು ಬಿಟ್ಟವರು ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ಕೊಟ್ಟರು, ಸಮಾರಂಭದ ಛಾಯಾಚಿತ್ರಕ್ಕಾಗಿ ಕೊಡಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಶಾಸ್ತ್ರದಾನಕ್ಕೆ ಮೇಲ್ಪಂಕ್ತಿಯೆಂದು ಸ್ಮರಿಸುತ್ತೇವೆ. ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ಅನ್ನವೆಂಬುದನ್ನು ಊಹಿಸಿದರೆ, ಆಕೆ ಓಲೆಗರಿಗೆ ಮಾತ್ರವಲ್ಲ, ಬರೆಯುವವರ ಕಾಲಕ್ಕೂ ಬೆಲೆ ತೆತ್ತಳೆಂಬುದು ಹೊಳೆಯುತ್ತದೆ.

ದ್ವಾರದ ಪ್ರಶ್ನೆ

ಎರಡನೆಯ ಕೊರತೆ ಆಯ್ಕೆಯದು. ಇಂಗ್ಲಿಷಿನ ಅರ್ಜಿ, ಇಂಗ್ಲಿಷಿನ ಸಂದರ್ಶನ, ಹಿಂದೆ ಸಂಬಳವಿಲ್ಲದೆ ದುಡಿದ ಅನುಭವ: ಇವು ಸಾಮಾನ್ಯವಾದ ಅಳತೆಗೋಲುಗಳು. ಇವುಗಳಿಂದ ನಗರದ ಪ್ರತಿಭಾವಂತರು ಒಳಬರುತ್ತಾರೆ. ಅವರ ನಿಷ್ಠೆಯನ್ನು ನಾನು ಶಂಕಿಸುವುದಿಲ್ಲ. ಯಂತ್ರಶಾಸ್ತ್ರದ ಇಂಜಿನಿಯರ್ ಆಗಿದ್ದು, ಬಳಿಕ ಅಮೆರಿಕದ ಫ್ಲಾರಿಡಾದಲ್ಲಿ ವನ್ಯಜೀವಿ ಶಾಸ್ತ್ರ ಕಲಿತು, ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಲೋಕಪ್ರಸಿದ್ಧರಾದ ಉಲ್ಲಾಸ ಕಾರಂತರು ನಮ್ಮ ನಾಡಿನವರೇ. ಆದರೆ ಕಾಡಿನ ವಿದ್ಯೆ ಪದವೀಧರರ ಸೊತ್ತು ಮಾತ್ರವಲ್ಲ. ರವಿ ಶಂಕರನ್ ಅವರ ಕೆಲಸವೇ ಇದಕ್ಕೆ ಸಾಕ್ಷಿ. ಅಂಡಮಾನ್ ದ್ವೀಪಗಳ ಗುಹೆಗಳಲ್ಲಿ ಒಂದು ಜಾತಿಯ ಬಾನಾಡಿ ಹಕ್ಕಿ ಜೊಲ್ಲಿನಿಂದ ಗೂಡು ಕಟ್ಟುತ್ತದೆ. ಪೂರ್ವದೇಶಗಳಲ್ಲಿ ಅದು ದುಬಾರಿ ಖಾದ್ಯ. ಗೂಡು ಕೀಳುವವರಿಂದ ಆ ಹಕ್ಕಿ ಅಳಿಯುತ್ತಿತ್ತು. ಅವರು ಆ ಗೂಡು ಕೀಳುವವರನ್ನೇ ಗುಹೆಗಳ ಕಾವಲಿಗೆ ಕರೆತಂದರು. ಗುಹೆಯ ಒಳಹೊರಗನ್ನು ಅವರಷ್ಟು ಬಲ್ಲವರು ಬೇರಾರಿದ್ದರು? ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ನಾಗರಹೊಳೆಯ ಜೇನುಕುರುಬರಲ್ಲಿಯೂ ಅಂಥ ಅರಿವಿದೆ. ಅವರ ಮಕ್ಕಳು ಸಹಾಯಕರಾಗಿ ದಿನಗೂಲಿ ಪಡೆಯುವುದುಂಟು. ಶಿಷ್ಯವೇತನ ಪಡೆಯುವುದು ಎಷ್ಟು ಮಂದಿ?

ಹಿಂಸೆಯ ಪ್ರಶ್ನೆ

ಇನ್ನು ಹಿರಿಯರು ಕೇಳಿದ ಎರಡನೆಯ ಪ್ರಶ್ನೆ. ಇದನ್ನು ಹಳೆಯ ಕಾಲದವರ ಸಂಕೋಚವೆಂದು ತಳ್ಳಿಹಾಕುವುದು ಸುಲಭ, ಹಾಗೆ ಮಾಡಬಾರದು. ಮಾರಿಷಸ್‌ನಲ್ಲಿ ಚಾಣದ ಮರಿಗಳಿಗೆ ಮಾಂಸ ತಿನ್ನಿಸಲಾಯಿತು. ಹಕ್ಕಿಗಳಿಗೆ ಕಂಟಕವಾದ ಇಲಿ ಮುಂಗುಸಿಗಳನ್ನು ಹಿಡಿದು ಕೊಲ್ಲಲಾಯಿತು. ಹರಿಯಾಣದ ಪಿಂಜೋರಿನ ರಣಹದ್ದು ಸಂವರ್ಧನ ಕೇಂದ್ರದಲ್ಲಿ, ವಿಷರಹಿತ ಆಹಾರ ಬೇಕೆಂಬ ಕಾರಣಕ್ಕೆ, ಆಡಿನ ಮಾಂಸ ಕೊಡಬೇಕಾಯಿತು. ಸಂರಕ್ಷಣಾ ವಿಜ್ಞಾನದ ದೃಷ್ಟಿ ಸಂತತಿಯ ಮೇಲೆ. ನಮ್ಮ ಧರ್ಮದ ದೃಷ್ಟಿ ಒಂದೊಂದು ಜೀವದ ಮೇಲೆ. ಇವೆರಡೂ ಒಂದೇ ಎಂದು ಹೇಳುವುದು ಪ್ರಾಮಾಣಿಕತೆಯಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಮಾಂಸಾಹಾರಿ ಹಕ್ಕಿಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ ಕೊಟ್ಟು, ಒಳಗೆ ಇರಿಸಿಕೊಳ್ಳದೆ ಬಂದದ್ದು ಈ ಇಕ್ಕಟ್ಟಿನಲ್ಲಿ ಕಂಡುಕೊಂಡ ಒಂದು ದಾರಿ.

ಸಂಕಲ್ಪ, ಆರಂಭ, ಉದ್ಯೋಗ, ವಿರೋಧ ಎಂದು ಹಿಂಸೆಯನ್ನು ನಾಲ್ಕಾಗಿ ವಿಭಜಿಸಿ, ಸಂಕಲ್ಪಹಿಂಸೆಯನ್ನು ಗೃಹಸ್ಥನೂ ಸರ್ವಥಾ ತ್ಯಜಿಸಬೇಕೆಂದು ನಮ್ಮ ಆಚಾರಶಾಸ್ತ್ರ ವಿಧಿಸುತ್ತದೆ. ಒಂದು ಜೀವಿಗಾಗಿ ಇನ್ನೊಂದನ್ನು ಉದ್ದೇಶಪೂರ್ವಕವಾಗಿ ಕೊಲ್ಲುವ ಯೋಜನೆಗೆ ನಮ್ಮ ದತ್ತಿಯ ಹಣ ಸಲ್ಲದು ಎಂದು ನಿಯಮಾವಳಿಯಲ್ಲಿ ಬರೆಯಲು ನಮಗೆ ಅಧಿಕಾರವೂ ಇದೆ, ಕರ್ತವ್ಯವೂ ಇದೆ. ಆದರೆ ಅಂಥ ಯೋಜನೆ ಈ ವಿದ್ಯೆಯ ಒಂದು ಮೂಲೆ ಮಾತ್ರ. ಎಣಿಕೆ, ರೋಗಪರೀಕ್ಷೆ, ಔಷಧಗಳ ಪರಿಣಾಮದ ಅಧ್ಯಯನ, ಆನೆ ಮತ್ತು ರೈತರ ಸಂಘರ್ಷದ ಶಮನ, ಕೆರೆಗಳ ರಕ್ಷಣೆ, ಕ್ಯಾಮೆರಾದಿಂದ ಹುಲಿಯ ಪಟ್ಟೆಗಳನ್ನು ಗುರುತಿಸುವುದು: ಇವುಗಳಲ್ಲಿ ಕೊಲ್ಲುವುದೆಲ್ಲಿದೆ? ಒಂದು ಮೂಲೆಯ ಕಾರಣಕ್ಕೆ ಇಡೀ ಮನೆಯನ್ನು ನಿರಾಕರಿಸಿದೆವು. ಆ ನಿರಾಕರಣೆಯೂ ಹಿಂಸಾರಹಿತವಲ್ಲ ಎಂಬುದಕ್ಕೆ ಹದ್ದುಗಳೇ ಸಾಕ್ಷಿ. ತಿಳಿಯದವರ ದಯೆ ಕೊಂದಷ್ಟು ಹದ್ದುಗಳನ್ನು ಯಾವ ಬೇಡನೂ ಕೊಂದಿಲ್ಲ.

ದತ್ತಿಗಳಿಗೆ ಅರಿಕೆ

ಆದ್ದರಿಂದ ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ದತ್ತಿಗಳೂ ಈ ಕೆಳಗಿನ ವಿಚಾರಗಳನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಒಂದನೆಯದಾಗಿ, ಹತ್ತು ಮಂದಿಗೆ ಒಂದೊಂದು ವರ್ಷ ಕೊಡುವುದಕ್ಕಿಂತ ಇಬ್ಬರಿಗೆ ಐದೈದು ವರ್ಷ ಕೊಡುವುದು ಮೇಲು: ಎರಡು ವರ್ಷ ವ್ಯಾಸಂಗಕ್ಕೆ, ಮೂರು ವರ್ಷ ಕ್ಷೇತ್ರಕಾರ್ಯಕ್ಕೆ. ಮೊತ್ತ ಚಿಕ್ಕದಾಗಿರಲಿ, ನಿಶ್ಚಿತವಾಗಿರಲಿ. ಮೂಲಧನವನ್ನು ಮುಟ್ಟದೆ ಬಡ್ಡಿಯಲ್ಲಿ ನಡೆಸುವುದು ನಮಗೆ ಅಭ್ಯಾಸವಾದ ಕ್ರಮವೇ. ಪಟ್ಟಿಯಲ್ಲಿ ಹೆಸರುಗಳು ಕಡಿಮೆಯಾಗುತ್ತವೆ. ವಾರ್ಷಿಕ ವರದಿ ತೆಳುವಾಗುತ್ತದೆ. ಅದನ್ನು ಸಹಿಸಿಕೊಳ್ಳಬೇಕು.

ಎರಡನೆಯದಾಗಿ, ಇಬ್ಬರಲ್ಲಿ ಒಬ್ಬರಾದರೂ ಕಾಡಂಚಿನ ಹಳ್ಳಿ ಹಾಡಿಗಳವರಾಗಿರಲಿ. ಸಂದರ್ಶನ ಕನ್ನಡದಲ್ಲಿ ನಡೆಯಲಿ. ಪದವಿಯಿಲ್ಲದಿದ್ದರೆ, ಬಲ್ಲ ಸಂಸ್ಥೆಯೊಂದರಲ್ಲಿ ಕೆಲಸ ಕಲಿಯುವ ಅವಧಿಗೆ ವೇತನ ಕೊಡಬಹುದು. ಮತ, ಜಾತಿಗಳ ನಿರ್ಬಂಧವನ್ನು ಇಲ್ಲಿಯಾದರೂ ಸಡಿಲಿಸಬೇಕು. ಅಭಯ ಪಡೆಯುವ ಜೀವಿ ಯಾರ ಕುಲವನ್ನೂ ಕೇಳುವುದಿಲ್ಲ.

ಮೂರನೆಯದಾಗಿ, ಹುಲಿ ಆನೆಗಳಿಗೇ ಎಂದು ಷರತ್ತು ಹಾಕಬಾರದು. ಬಾವಲಿ, ಕಪ್ಪೆ, ಹಾವು, ಹದ್ದುಗಳಿಗೆ ದಾನಿಗಳು ದೊರೆಯುವುದು ಕಷ್ಟ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಆದರೆ ಸುತ್ತಲ ಊರುಗಳ ದನಗಳಿಗೆ ಯಾವ ಔಷಧ ಸಿಗುತ್ತಿದೆಯೆಂದು ಅಂಗಡಿ ಅಂಗಡಿ ವಿಚಾರಿಸುವ ಒಬ್ಬ ತರುಣನಿಲ್ಲದೆ ಘೋಷಣೆಯಷ್ಟರಿಂದಲೇ ಹದ್ದು ಉಳಿಯಲಾರದು.

ನಾಲ್ಕನೆಯದಾಗಿ, ವಿದ್ಯಾರ್ಥಿಯು ವರ್ಷಕ್ಕೊಮ್ಮೆ ಸಲ್ಲಿಸುವ ವರದಿಯಲ್ಲಿ ತನ್ನ ಕೆಲಸದಿಂದ ಯಾವ ಜೀವಿಗೆ ಎಷ್ಟು ಬಾಧೆಯಾಯಿತು, ಅದನ್ನು ತಪ್ಪಿಸಲು ಏನು ಮಾಡಿದೆ ಎಂಬುದನ್ನೂ ಬರೆಯಲಿ. ದೋಷವನ್ನು ಗುರುವಿನೆದುರು ನಿವೇದಿಸಿಕೊಳ್ಳುವ ಆಲೋಚನೆಯ ಪದ್ಧತಿ ನಮ್ಮದು. ಶಿಕ್ಷಿಸಲು ಅಲ್ಲ, ಎಚ್ಚರದಿಂದಿರಲು. ಬಲೆಗೆ ಬಿದ್ದ ಹಕ್ಕಿ ಕೈಯಲ್ಲೇ ಸತ್ತರೆ ಅದನ್ನು ಮರೆಮಾಡದೆ ಬರೆಯುವ ಧೈರ್ಯವನ್ನು ಕಲಿಸಿದ ಶಿಷ್ಯವೇತನ ಬೇರೆಲ್ಲಿಯೂ ಇರುವುದನ್ನು ನಾನು ಕಂಡಿಲ್ಲ. ಈ ವಿದ್ಯೆಗೆ ನಮ್ಮ ಸಮಾಜ ಕೊಡಬಹುದಾದ ವಿಶಿಷ್ಟ ಕಾಣಿಕೆ ಇದೇ ಆದೀತು.

ಮುಂದಿನ ಶೈಕ್ಷಣಿಕ ವರ್ಷದ ಅರ್ಜಿಗಳನ್ನು ಕರೆಯುವ ಮೊದಲು ನಿಯಮಾವಳಿಯ ಪುಟವನ್ನು ಒಮ್ಮೆ ತೆರೆದು ನೋಡುವುದಕ್ಕೆ ಕಾಲಾವಕಾಶವಿದೆ. ಅಂದು ಬರಿಗೈಯಲ್ಲಿ ಹಿಂತಿರುಗಿದ ಆ ಯುವಕನಿಗೆ ನಾನು ಇಂದು ಏನನ್ನೂ ಕೊಡಲಾರೆ. ಆದರೆ ಅವನ ಊರಿನಿಂದ, ಅಂಥ ಇನ್ನೊಂದು ಊರಿನಿಂದ, ಇನ್ನೊಬ್ಬರು ಬಂದೇ ಬರುತ್ತಾರೆ. ಅವರನ್ನು “ಕೆಲಸ ಎಲ್ಲಿ?” ಎಂದು ಕೇಳದೆ, “ನಿಮಗೆ ಎಷ್ಟು ವರ್ಷ ಬೇಕು?” ಎಂದು ಕೇಳುವಂತಾಗಲಿ.